2 ಇಂಚು 40 ಸೆಂಟ್ ಮಳೆ, 38 ಎಂಬಿ ನೆಟ್

ಈ ತಿಂಗಳ ಮೊದಲ ಮಂಗಳವಾರ, ಬೆಳಿಗ್ಗೆ ಎಂಟೂವರೆಯ ಮೀಟಿಂಗಿನಲ್ಲಿ, ನಾನು ನಾಲ್ಕು ನಿಮಿಷ ನಿರರ್ಗಳವಾಗಿ ಮಾತನಾಡಿದೆ. ಮೂರು ತಿಂಗಳ ಲೆಕ್ಕದಲ್ಲಿ ವ್ಯತ್ಯಾಸ ಎಲ್ಲಿ ನುಸುಳಿದೆ, ಯಾರಿಂದ ನುಸುಳಿದೆ, ಅದನ್ನು ಸರಿಪಡಿಸುವುದು ಹೇಗೆ ಎಂಬುದನ್ನೆಲ್ಲ ಬಿಡಿಸಿ ಹೇಳಿ, ಒಂದಾದರೂ ಮೆಚ್ಚುಗೆಯ ಮಾತು ಬಂದೀತೆಂದು ಸುಮ್ಮನಾದೆ. ಆ ಕಡೆಯಿಂದ ಸದ್ದೇ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಬೆಂಗಳೂರಿನ ಸಹೋದ್ಯೋಗಿಯೊಬ್ಬಳು ವಾಟ್ಸ್ಆ್ಯಪಿನಲ್ಲಿ ಒಂದು ಚಿತ್ರ ಕಳಿಸಿದಳು. ಒಂದು ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು, ಸೀನು ಬಂದೂ ಬಾರದಂತೆ ನಿಂತುಹೋದ ನನ್ನದೇ ಮುಖ. ಅದರ ಕೆಳಗೆ, "ನೀವು ‘ಎಲ್ಲರಿಗೂ ನಮಸ್ಕಾರ’ ಎಂದ ಮೇಲೆ ಹೀಗೇ ಇದ್ದೀರಿ" ಎಂಬ ಒಕ್ಕಣೆ.

ಇಂಟರ್ನೆಟ್ ಕಂಪೆನಿಯನ್ನು ಬದಲಿಸಲೇಬೇಕೆಂದು ನಾನು ತೀರ್ಮಾನಿಸಿದ್ದು ಆ ಗಳಿಗೆಯಲ್ಲಿ.

ನಮ್ಮ ಮನೆ ಇರುವುದು ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯಿಂದ ಒಳಕ್ಕೆ, ಕಾಫಿ ತೋಟದ ನಡುವೆ. ಒಂದು ಕಾಲದಲ್ಲಿ ಫೋನ್ ಹಿಡಿದುಕೊಂಡು ತೋಟದ ಮೇಲಿನ ಗುಡ್ಡ ಹತ್ತಿ, ಒಂದು ಕಡ್ಡಿ ಸಿಗ್ನಲ್ ಕಂಡಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ ನಮಗೆ, ಈಗ ಮನೆಯಲ್ಲಿರುವ ಫೈಬರನ್ನು ಬಿಟ್ಟರೂ ಆಯ್ದುಕೊಳ್ಳಲು ಮೂರು ಕಂಪೆನಿಗಳಿವೆ ಎಂಬುದೇ ಒಂದು ವೈಭವ. ಟೀವಿಯ ಕೇಬಲ್ ಕೊಡುವವರದೇ ಒಂದು ಫೈಬರ್, ದೊಡ್ಡ ಕಂಪೆನಿಯದು ಇನ್ನೊಂದು ಫೈಬರ್, ಮನೆಯ ಮಾಡಿನ ಮೇಲೆ ಪೆಟ್ಟಿಗೆ ಕೂರಿಸಿ ಟವರಿನಿಂದ ಗಾಳಿಯಲ್ಲೇ ತರಿಸಿಕೊಳ್ಳುವುದು ಮೂರನೆಯದು. ನಾನು ಲೆಕ್ಕದ ಕೆಲಸದವಳಾದ್ದರಿಂದ ಮೂರನ್ನೂ ಎಕ್ಸೆಲ್ ಹಾಳೆಯಲ್ಲಿ ಅಕ್ಕಪಕ್ಕ ಕೂರಿಸಿದೆ. ಕರಪತ್ರದಲ್ಲಿ ಕುಂಬಳಕಾಯಿಯಷ್ಟು ದೊಡ್ಡದಾಗಿ ಅಚ್ಚಾಗಿದ್ದ 699 ರೂಪಾಯಿ, ಸಾಸಿವೆಯಷ್ಟು ಚಿಕ್ಕ ಅಕ್ಷರದಲ್ಲಿದ್ದ ಶೇಕಡಾ 18ರ ಜಿಎಸ್‌ಟಿಯನ್ನು ಕೂಡಿಸಿಕೊಂಡು 824 ರೂಪಾಯಿ 82 ಪೈಸೆಯಾಯಿತು. ಅಳವಡಿಕೆ ಉಚಿತವಂತೆ, ಆದರೆ ಆರು ತಿಂಗಳ ಹಣವನ್ನು ಮುಂಗಡ ಕಟ್ಟಿದರೆ ಮಾತ್ರ. ಡೇಟಾ ಅನ್‌ಲಿಮಿಟೆಡ್ ಅಂತೆ, ಆದರೆ ತಿಂಗಳಿಗೆ 3,300 ಜಿಬಿ ದಾಟಿದರೆ ವೇಗ ಇಳಿಯುತ್ತದೆ. ಕೊನೆಯೇ ಇಲ್ಲದ್ದಕ್ಕೆ ಕೊನೆ ಎಲ್ಲಿ ಎಂದು ತಿಳಿಯಲು ನಕ್ಷತ್ರದ ಗುರುತು ಹುಡುಕಿಕೊಂಡು ಪುಟದ ಬುಡಕ್ಕೆ ಇಳಿಯಬೇಕು.

ಎಲ್ಲಕ್ಕಿಂತ ಸಿಟ್ಟು ತರಿಸುವುದು ‘ವರೆಗೆ’ ಎಂಬ ಶಬ್ದ. "100 ಎಂಬಿಪಿಎಸ್‌ವರೆಗೆ ವೇಗ" ಎಂದು ಮೂವರೂ ಬರೆದುಕೊಂಡಿದ್ದಾರೆ. ಭಾಗಮಂಡಲದವರೆಗೆ ಟಿಕೆಟ್ ಕೊಟ್ಟ ಕಂಡಕ್ಟರ್ ನಮ್ಮನ್ನು ಚೇರಂಬಾಣೆಯಲ್ಲಿಯೇ ಇಳಿಸಿ, "ವರೆಗೆ ಎಂದರೆ ಅಲ್ಲಿಗೆ ಮುಟ್ಟಿಸುತ್ತೇವೆ ಎಂದು ಅರ್ಥವಲ್ಲ" ಎಂದರೆ ನಾವು ಸುಮ್ಮನಿರುತ್ತೇವೆಯೇ? ಇಂಟರ್ನೆಟ್ಟಿನಲ್ಲಿ ಮಾತ್ರ ಸುಮ್ಮನಿರುತ್ತೇವೆ. ಸರ್ಕಾರದ 2004ರ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್. 2023ರಲ್ಲಿ ಅದನ್ನು 2 ಮೆಗಾಬಿಟ್‌ಗೆ ಏರಿಸಿದರು. ಅಂದರೆ ನಮ್ಮ ಮನೆಗೆ ಬರುವುದು ಕಾನೂನಿನ ಕಣ್ಣಿನಲ್ಲಿ ಇಂದಿಗೂ ಭರ್ಜರಿ ಬ್ರಾಡ್‌ಬ್ಯಾಂಡೇ ಆಗಿದೆ.

ಇಷ್ಟರವರೆಗೆ ಎಲ್ಲರ ಮನೆಯ ಕಥೆ. ನಮ್ಮ ಮನೆಯಲ್ಲಿ ಇದರ ಜೊತೆಗೆ ಮಾವನವರಿದ್ದಾರೆ.

ಮಾವನವರು 1974ರಿಂದ ಮಳೆ ಅಳೆಯುತ್ತಿದ್ದಾರೆ. ಅಂಗಳದ ಮೂಲೆಯಲ್ಲಿ ಮಳೆಮಾಪಕವಿದೆ. ಬೆಳಿಗ್ಗೆ ಸರಿಯಾಗಿ ಎಂಟೂವರೆಗೆ, ಹವಾಮಾನ ಇಲಾಖೆಯವರು ಅಳೆಯುವ ಹೊತ್ತಿಗೇ, ಕೊಡೆ ಹಿಡಿದು ಹೋಗಿ, ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಒಳಗೆ ಬಂದು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಾರೆ. ಕೊಡಗಿನ ಬೆಳೆಗಾರರ ಪದ್ಧತಿಯಂತೆ ಲೆಕ್ಕವೆಲ್ಲ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ರೇಡಿಯೋದವರು "100 ಮಿಲಿಮೀಟರ್ ಮಳೆ" ಎಂದು ಗಾಬರಿಯಿಂದ ಓದಿದರೆ, "ನಾಲ್ಕು ಇಂಚು ಕೂಡ ಆಗಲಿಲ್ಲ" ಎಂದು ಮಾವನವರು ಪಕ್ಕಕ್ಕೆ ತಿರುಗಿ ಮಲಗುತ್ತಾರೆ. ಈ ಅನುಭವದಿಂದಾಗಿಯೇ ಇರಬೇಕು, ಬಿಟ್ ಮತ್ತು ಬೈಟ್‌ಗಳ ಮೋಸವನ್ನು ನಮ್ಮ ಮನೆಯಲ್ಲಿ ಮೊದಲು ಅರ್ಥಮಾಡಿಕೊಂಡವರು ಅವರೇ. ಕಂಪೆನಿಯವರು ಮಾರುವುದು ಮೆಗಾಬಿಟ್ ಲೆಕ್ಕದಲ್ಲಿ, ಕಂಪ್ಯೂಟರಿಗೆ ಕಡತ ಇಳಿಯುವುದು ಮೆಗಾಬೈಟ್ ಲೆಕ್ಕದಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ, 100ರ ವೇಗ ಪೂರ್ತಿ ಬಂದರೂ ಸೆಕೆಂಡಿಗೆ ಇಳಿಯುವುದು ಹನ್ನೆರಡೂವರೆ ಎಂಬಿ ಮಾತ್ರ ಎಂದು ನಾನು ವಿವರಿಸಿದಾಗ, ಅವರು ಒಂದೇ ಮಾತಿನಲ್ಲಿ, "ಹಾಗಾದರೆ ಇವರು ಮಿಲಿಮೀಟರಿನವರು" ಎಂದರು.

ತಪ್ಪು ನನ್ನದೇ. ಜೂನ್ ತಿಂಗಳಲ್ಲಿ ಗ್ರಾಹಕ ಸೇವೆಗೆ ಫೋನ್ ಮಾಡಿದಾಗಲೆಲ್ಲ, "ನಿಮಗೆ ಎಷ್ಟು ಸ್ಪೀಡ್ ಬರುತ್ತಿದೆ, ಯಾವಾಗಿನಿಂದ ಕಡಿಮೆಯಾಗಿದೆ" ಎಂದು ಕೇಳುತ್ತಿದ್ದರು. ದಾಖಲೆ ಇಡಲು ಮಾವನವರಿಗಿಂತ ಸಮರ್ಥರು ಇನ್ನಾರಿದ್ದಾರೆ ಎಂದುಕೊಂಡು, ಅವರ ಫೋನಿಗೆ ವೇಗ ಅಳೆಯುವ ಆ್ಯಪ್ ಒಂದನ್ನು ಹಾಕಿ, ಒತ್ತಬೇಕಾದ ಗುಂಡಿಯನ್ನು ತೋರಿಸಿಕೊಟ್ಟೆ. ಮರುದಿನವೇ ಮಳೆ ಪುಸ್ತಕದಲ್ಲಿ ‘ಮಳೆ’ ಕಾಲಮಿನ ಬಲಕ್ಕೆ ಕೆಂಪು ಶಾಯಿಯ ಗೆರೆಯೊಂದು ಬಿದ್ದು, ‘ನೆಟ್’ ಎಂಬ ಹೊಸ ಕಾಲಮು ಹುಟ್ಟಿಕೊಂಡಿತು. ಜೂನ್ 14: ಮಳೆ 1-85, ನೆಟ್ 52. ಜೂನ್ 15: ಮಳೆ 3-10, ನೆಟ್ 21. ಜೂನ್ 16: ಮಳೆ 4-05, ನೆಟ್ ಲಾಸ್.

‘ಲಾಸ್’ ಎಂಬುದು ಅವರದೇ ಪರಿಭಾಷೆ. ಗೋಡೆಗೆ ತಗುಲಿಸಿದ ಪೆಟ್ಟಿಗೆಯಲ್ಲಿ ಫೈಬರಿನ ಬೆಳಕು ಬಾರದಿದ್ದಾಗ ಮಿನುಗುವ ಕೆಂಪು ದೀಪದ ಕೆಳಗೆ ಇಂಗ್ಲಿಷಿನಲ್ಲಿ ಎಲ್, ಓ, ಎಸ್ ಎಂದು ಬರೆದಿರುತ್ತದೆ. ಸಿಗ್ನಲ್ ನಷ್ಟವಾಗಿದೆ ಎಂಬುದು ಅದರ ಅರ್ಥ. ಮಾವನವರು ಅದನ್ನು ಕೂಡಿಸಿ ‘ಲಾಸ್’ ಎಂದು ಓದಿ, ಈ ಕಂಪೆನಿಯವರು ಗ್ರಾಹಕರಿಗೆ ನಷ್ಟವಾದಾಗ ದೀಪ ಹಚ್ಚಿ ಒಪ್ಪಿಕೊಳ್ಳುವಷ್ಟು ಪ್ರಾಮಾಣಿಕರು ಎಂದು ಮೆಚ್ಚಿಕೊಂಡರು.

ಕೊಡಗಿನಲ್ಲಿ ಮಳೆಗಾಲದ ಫೋನ್ ಸಂಭಾಷಣೆ ಆರಂಭವಾಗುವುದು "ಹೇಗಿದ್ದೀರಿ" ಎಂದಲ್ಲ, "ಮಳೆ ಎಷ್ಟು" ಎಂದು. ಐವತ್ತು ವರ್ಷಗಳಿಂದ ಈ ಪ್ರಶ್ನೆಗೆ ಕುಶಾಲನಗರದಲ್ಲಿರುವ ತಮ್ಮ ಭಾವನಿಗಿಂತ ದೊಡ್ಡ ಉತ್ತರ ಕೊಟ್ಟು ಗೆಲ್ಲುತ್ತಿದ್ದವರು ಮಾವನವರು. ಅವರಲ್ಲಿ ಮೂವತ್ತು ಸೆಂಟ್ ಎಂದರೆ ಇವರಲ್ಲಿ ಮೂರು ಇಂಚು. ಈ ವರ್ಷ, "2 ಇಂಚು 40 ಸೆಂಟ್ ಮಳೆ, 38 ಎಂಬಿ ನೆಟ್" ಎಂದು ಹೊಸ ಕಾಲಮನ್ನೂ ಸೇರಿಸಿ ಹೇಳಿದಾಗ, ಆ ಕಡೆಯಿಂದ, "ನಮ್ಮಲ್ಲಿ 20 ಸೆಂಟ್ ಮಳೆ, 94 ಎಂಬಿ" ಎಂಬ ಉತ್ತರ ಬಂತು. ಮಾವನವರು ಆ ದಿನ ಮಧ್ಯಾಹ್ನ ಊಟಕ್ಕೆ ಒಂದು ತುತ್ತು ಕಡಿಮೆಯೇ ತಿಂದರು. ಅಂದಿನಿಂದ ದಿನಕ್ಕೆ ಒಂದಿದ್ದ ಅಳತೆ ಮೂರಾಯಿತು, ಆಮೇಲೆ ಐದಾಯಿತು. ಜಗಲಿಯಲ್ಲಿ ಒಮ್ಮೆ, ಹಜಾರದಲ್ಲಿ ಒಮ್ಮೆ, ದಪ್ಪ ಮಣ್ಣಿನ ಗೋಡೆಗಳಾಚೆಯ ಅಡುಗೆಮನೆಯಲ್ಲಿ ಒಮ್ಮೆ. 5 ಗಿಗಾಹರ್ಟ್ಸ್‌ನ ವೈಫೈ ನಮ್ಮ ಹಳೆಯ ಗೋಡೆಯ ಮುಂದೆ ಸೋಲುತ್ತದೆ, 2.4ರದ್ದು ನಿಧಾನವಾದರೂ ದಾಟುತ್ತದೆ ಎಂಬುದನ್ನು ಅವರು ನನ್ನ ಸಹಾಯವಿಲ್ಲದೆ, ಕೇವಲ ಓಡಾಡಿ, ಕಂಡುಹಿಡಿದರು. ಸಂಜೆ ಏಳರಿಂದ ಹತ್ತರವರೆಗೆ ಎಲ್ಲ ಕಡೆಯೂ ಕಡಿಮೆ ಎಂಬುದನ್ನೂ ಕಂಡುಕೊಂಡರು. ಫೈಬರಿನ ಒಂದೇ ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ, ಸಂಜೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸುತ್ತಾರೆ ಎಂದು ನಾನು ಹೇಳಿದ ಮೇಲೆ, ಊರಿನಲ್ಲಿ ಯಾರ ಮನೆಗೆ ನೆಂಟರು ಬಂದಿದ್ದಾರೆ ಎಂಬುದರ ಟಿಪ್ಪಣಿಯೂ ಆರಂಭವಾಯಿತು.

ಮೊನ್ನೆ ಈ ಪುಸ್ತಕವನ್ನೇ ಆಧಾರವಾಗಿಟ್ಟುಕೊಂಡು ಕಂಪೆನಿಗೆ ದೂರು ಬರೆಯಲು ಕುಳಿತಾಗ, ಪ್ರತಿ ನಮೂದಿನ ಎದುರಿಗೆ ಬರೆದಿದ್ದ ಹೊತ್ತನ್ನು ಗಮನಿಸಿದೆ. ಎಂಟೂವರೆ. ಎಂಟೂವರೆ. ಎಂಟೂವರೆ. ವೇಗ ಅಳೆಯುವ ಆ್ಯಪ್ ಮಾಡುವುದಿಷ್ಟೇ: ಇದ್ದಬದ್ದ ನೆಟ್ಟನ್ನೆಲ್ಲ ಹತ್ತು ಹದಿನೈದು ಸೆಕೆಂಡು ತಾನೇ ಎಳೆದುಕೊಂಡು, ಎಷ್ಟು ಬಂತೆಂದು ಹೇಳುವುದು. ಮಳೆಯನ್ನು ಎಷ್ಟು ಸಲ ಅಳೆದರೂ ಮಳೆ ಕಡಿಮೆಯಾಗುವುದಿಲ್ಲ, ನೆಟ್ ಹಾಗಲ್ಲ. ಆ ಮಂಗಳವಾರದ ಪುಟದಲ್ಲಿ "8-30: 19. ನಂಬಿಕೆ ಬರಲಿಲ್ಲ, ಮತ್ತೆ ಹನ್ನೊಂದು ಸಲ ನೋಡಿದೆ" ಎಂದು ದುಂಡಗಿನ ಅಕ್ಷರದಲ್ಲಿ ಬರೆದಿತ್ತು.

ನನ್ನ ಒಂದು ಕಣ್ಣು ಮುಚ್ಚಿದ್ದರ ಕಾರಣ ಅದು.

ಸಿಟ್ಟಿನಿಂದಲೇ ಪುಟಗಳನ್ನು ಹಿಂದಕ್ಕೆ ತಿರುವಿದೆ. ಮಾವನವರು ಆಸ್ಪತ್ರೆಯಲ್ಲಿದ್ದ ವಾರದಲ್ಲಿ ಅತ್ತೆಯವರು ಬರೆದ ಏಳು ಸಾಲುಗಳಿವೆ. ಅವರಿಗೆ ಸೆಂಟಿನ ಲೆಕ್ಕ ತಿಳಿಯದೆ "ಜೋರು", "ಸಾಧಾರಣ", "ಬಟ್ಟೆ ಒಣಗಿತು" ಎಂದು ಬರೆದಿದ್ದಾರೆ. 2018ರ ಆಗಸ್ಟ್‌ನ ಪುಟಗಳನ್ನು ಮಾವನವರು ರಬ್ಬರ್ ಬ್ಯಾಂಡ್ ಹಾಕಿ ಮುಚ್ಚಿಟ್ಟಿದ್ದಾರೆ, ನಾನೂ ತೆರೆಯಲಿಲ್ಲ. ಈ ವರ್ಷದ ಭಾನುವಾರಗಳಲ್ಲಿ ಮಾತ್ರ ನೆಟ್ ಕಾಲಮಿನಲ್ಲಿ ಅಂಕಿಯ ಪಕ್ಕದಲ್ಲಿ ಚಿಕ್ಕದಾಗಿ ಏನೋ ಇತ್ತು. ಆಸ್ಟ್ರೇಲಿಯಾದಲ್ಲಿರುವ ನಾದಿನಿ ವೀಡಿಯೋ ಕರೆ ಮಾಡುವುದು ಭಾನುವಾರಗಳಂದು. "44. ಸ್ಪಷ್ಟ." "27. ಧ್ವನಿ ಮಾತ್ರ." "11. ಮಗು ನಡೆದದ್ದು ಅರ್ಧ ಕಂಡಿತು."

ಎಂಟೂವರೆಯ ಅಳತೆಯನ್ನು ಒಂಬತ್ತೂವರೆಗೆ ಹಾಕಿಕೊಳ್ಳಿ ಎಂದಷ್ಟೇ ಹೇಳಿದೆ. ಮಳೆಗೆ ಸಾಧ್ಯವಿಲ್ಲ, ನೆಟ್ಟಿಗೆ ಬೇಕಾದರೆ ಆಲೋಚಿಸುತ್ತೇನೆ ಎಂದರು.

ಅಷ್ಟರಲ್ಲಿ ಕಂಪೆನಿಗಳ ಕಡೆಯಿಂದ ಜನ ಬರತೊಡಗಿದ್ದರು. ದೊಡ್ಡ ಕಂಪೆನಿಯ ಕಾಲ್ ಸೆಂಟರಿನ ಹುಡುಗಿ ಫೋನಿನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಹೆಸರು ಕೇಳಿ, ಇಲ್ಲವೆಂದ ಮೇಲೆ ಎಷ್ಟನೆಯ ಮಹಡಿ ಎಂದು ಕೇಳಿ, ಕೊನೆಗೆ ಪಿನ್‌ಕೋಡ್ ನೋಡಿ, "ನಿಮ್ಮ ಏರಿಯಾ ಫೀಸಿಬಲ್ ಇದೆ ಮೇಡಂ" ಎಂದು ಅಭಿನಂದಿಸಿದಳು. ಪರಿಶೀಲನೆಗೆ ಬಂದ ಹುಡುಗ ರೇನ್‌ಕೋಟ್ ಬಿಚ್ಚಿ, ರಸ್ತೆಯಿಂದ ಮನೆಯವರೆಗಿನ ಮರಗಳನ್ನು ಎಣಿಸಿ, ಕಂಬವಿಲ್ಲದ್ದರಿಂದ ತಂತಿಯನ್ನು ತೋಟದ ಸಿಲ್ವರ್ ಓಕ್ ಮರಗಳಿಗೇ ಕಟ್ಟಿ ತರಬೇಕು, ಉಚಿತ ಅಳತೆ ಮೀರಿದ ಮೇಲೆ ಮೀಟರಿಗೆ ಇಷ್ಟೆಂದು ಕೊಡಬೇಕು ಎಂದ. ಮರುದಿನ ಕೇಬಲ್‌ನವರ ಕಡೆಯಿಂದ ಬಂದವನೂ ಅವನೇ. ಟೀ ಶರ್ಟ್ ಮಾತ್ರ ಬೇರೆ ಬಣ್ಣದ್ದು. ಮೂರನೆಯ ದಿನ ಟವರಿನವರ ಪೆಟ್ಟಿಗೆ ಹಿಡಿದುಕೊಂಡು ಅವನು ಅಂಗಳಕ್ಕೆ ಕಾಲಿಟ್ಟಾಗ ಮಾವನವರು, "ಬಾ ಮಾರಾಯ, ಇವತ್ತು ಯಾರ ಮನೆಯ ಕಡೆಯಿಂದ?" ಎಂದು ಕೇಳಿ ಕಾಫಿ ತರಲು ಹೇಳಿದರು.

ನಾನು ಎಕ್ಸೆಲ್ ಹಾಳೆಯನ್ನು ಅವನ ಮುಂದಿಟ್ಟೆ. ಮೆಗಾಬಿಟ್‌ಗೆ ಎಷ್ಟು ರೂಪಾಯಿ, ಅಪ್‌ಲೋಡ್ ಎಷ್ಟು, ಮುಂಗಡ ಎಷ್ಟು ಎಂಬ ಹದಿನಾಲ್ಕು ಕಾಲಮುಗಳನ್ನು ಅವನು ಗೌರವದಿಂದ ನೋಡಿದ.

"ಗಾಜಿನ ಎಳೆಯೊಳಗೆ ಹೋಗುವ ಬೆಳಕಿಗೆ ಮಳೆ ಏನೂ ಮಾಡುವುದಿಲ್ಲ ಅಕ್ಕ. ಮರ ಬಿದ್ದರೆ ಎಳೆ ತುಂಡಾಗುತ್ತದೆ. ಮೇ ತಿಂಗಳಲ್ಲಿ ಮರಗಸಿ ಮಾಡುವವರು, ಅಂದರೆ ನೆರಳಿನ ಮರ ಸವರುವವರು, ಕೊಂಬೆಯ ಜೊತೆಗೆ ಅದನ್ನೂ ಕಡಿಯುತ್ತಾರೆ. ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದು ಪ್ರಯೋಜನವಿಲ್ಲ, ಆ ತುದಿಯಲ್ಲಿರುವ ಕಂಪೆನಿಯ ಕೋಣೆಯ ಬ್ಯಾಟರಿ ಎಷ್ಟು ಹೊತ್ತು ಬರುತ್ತದೋ ಅಷ್ಟೇ. ಟವರಿನದ್ದಕ್ಕೂ ಡೀಸೆಲ್ ಮುಗಿಯುವವರೆಗೆ."

"ಹಾಗಾದರೆ ಯಾವುದನ್ನು ತೆಗೆದುಕೊಳ್ಳಲಿ?"

"ಯಾವುದಾದರೂ ತೆಗೆದುಕೊಳ್ಳಿ. ಜೋಡಿಸಲು ಬರುವವನು ನಾನೇ."

ಆ ಗಳಿಗೆಯವರೆಗೆ ನನ್ನ ಹಾಳೆಯಲ್ಲಿ ಆ ಹುಡುಗನಿಗೆ ಕಾಲಮೇ ಇರಲಿಲ್ಲ. ಆದರೂ ಹಟ ಬಿಡದೆ, ಪೂರ್ಣ ಎಚ್‌ಡಿಯಲ್ಲಿ ಸಿನಿಮಾ ನೋಡುವುದಕ್ಕೂ ಐದು ಮೆಗಾಬಿಟ್ ಸಾಕಾಗುವಾಗ ನಮಗೆ ನೂರರ ಹಂಗೇಕೆ ಎಂದು ಲೆಕ್ಕ ಹಾಕಿ, ಕೇಬಲ್‌ನವರ 50ರ ಯೋಜನೆಯನ್ನು, ಜಿಎಸ್‌ಟಿ ಸೇರಿ 588 ರೂಪಾಯಿ 82 ಪೈಸೆಗೆ, ಆರಿಸಿದೆ. ಕೊಡಗಿನ ಕಕ್ಕಡ ತಿಂಗಳಲ್ಲಿ, ಅಂದರೆ ಈ ಜಡಿಮಳೆಯ ತಿಂಗಳಲ್ಲಿ, ಹೊಸದೇನನ್ನೂ ಆರಂಭಿಸಬಾರದು ಎಂದು ಮಾವನವರು ಒಂದು ಸಲ ಹೇಳಿ ನೋಡಿದರು. ನಿನ್ನೆ ಮಧ್ಯಾಹ್ನ ಹುಡುಗ ಬಂದು, ಮೊದಲ ತಂತಿ ಇದ್ದ ಸಿಲ್ವರ್ ಮರಗಳಿಗೇ ಎರಡನೆಯದನ್ನೂ ಕಟ್ಟಿ, ಹಳೆಯ ಪೆಟ್ಟಿಗೆಯ ಪಕ್ಕದಲ್ಲಿ ಹೊಸದನ್ನು ತಗುಲಿಸಿ ಹೋದ. ಹಳೆಯದಕ್ಕೆ ತಿಂಗಳ ಕೊನೆಯವರೆಗೆ ಹಣ ಕಟ್ಟಿರುವುದರಿಂದ ಸದ್ಯಕ್ಕೆ ಎರಡೂ ಇವೆ. ಸಂಜೆ ಹೊಸದರಲ್ಲಿ 49 ಬಂತು. ಮಾವನವರು ಕುಶಾಲನಗರಕ್ಕೆ ಫೋನ್ ಮಾಡಲಿಲ್ಲ, ಆದರೆ ಮಾಡಬಹುದೆಂಬ ಮುಖಭಾವದಲ್ಲಿದ್ದರು.

ರಾತ್ರಿ ಎರಡು ಗಂಟೆಯ ಸುಮಾರಿಗೆ ತೋಟದ ಕೆಳಗಿನಿಂದ ಏನೋ ಮುರಿದ ದೊಡ್ಡ ಸದ್ದು ಕೇಳಿಸಿತು. ಬೆಳಿಗ್ಗೆ ಮಾವನವರು ಅಳತೆ ಮುಗಿಸಿ ಬಂದು, ಪುಸ್ತಕದಲ್ಲಿ 5-15 ಎಂದು ಬರೆದು, ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ಮಿನುಗುತ್ತಿದ್ದ ಎರಡು ಕೆಂಪು ದೀಪಗಳನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಪೆನ್ನು ಹಿಡಿದುಕೊಂಡೇ ನನ್ನನ್ನು ಕರೆದು, "ಮಗಳೇ, ಈ ಲಾಸನ್ನು ಯಾರ ಲೆಕ್ಕಕ್ಕೆ ಬರೆಯಲಿ, ಹಳಬರದಕ್ಕೋ ಹೊಸಬರದಕ್ಕೋ?" ಎಂದು ಕೇಳಿದರು.