ಸ್ಪ್ಲೀನ್ ಹುಡುಕಿಕೊಟ್ಟ ಅಜ್ಜ

ಇವತ್ತು ಬೆಳಿಗ್ಗೆ ಆಸ್ಪತ್ರೆಯ ವಾರ್ಡ್ ರೌಂಡ್ಸ್‌ನಲ್ಲಿ ನಡೆದದ್ದನ್ನು ಬರೆಯದೆ ಹೋದರೆ ನನಗೆ ರಾತ್ರಿ ನಿದ್ದೆ ಬರಲ್ಲ. ಬರೆದರೂ ಬರುತ್ತೆ ಅಂತ ಗ್ಯಾರಂಟಿ ಏನಿಲ್ಲ.

ಮೂರನೇ ವರ್ಷದ ಮೆಡಿಕಲ್ ಹುಡುಗ. ಕೇಸ್ ಪ್ರೆಸೆಂಟ್ ಮಾಡ್ತಿದ್ದ, ಅಂದರೆ ಪೇಷಂಟನ್ನು ಪರೀಕ್ಷಿಸಿ ನಮಗೆ ವಿವರಿಸ್ತಿದ್ದ. ಮಂಚದ ಬಲಕ್ಕೆ ಅವನು, ಎಡಕ್ಕೆ ನಮ್ಮ ಹಿರಿಯ ಸರ್, ಕಾಲ ಹತ್ತಿರ ನಾನು, ಸುತ್ತ ಹದಿನೈದು ಬಿಳಿ ಕೋಟು. ಮಲಗಿದ್ದವರು ಒಬ್ಬ ಅಜ್ಜ. ಅವರ ಸ್ಪ್ಲೀನ್, ಅಂದರೆ ಹೊಟ್ಟೆಯ ಎಡಗಡೆ ಪಕ್ಕೆಲುಬಿನ ಅಡಿಯಲ್ಲಿರುವ ಗುಲ್ಮ ಅನ್ನೋ ಅಂಗ, ಚೆನ್ನಾಗಿ ಊದಿಕೊಂಡಿದೆ. ಇಂಥ ಪೇಷಂಟ್ ವಾರ್ಡಿಗೆ ಬಂದರೆ ನಮಗೆಲ್ಲ ಹಬ್ಬ. ಹೌಸ್ ಸರ್ಜನ್ ಒತ್ತಿ ನೋಡ್ತಾನೆ, ಸ್ನಾತಕೋತ್ತರ ಓದುವ ಪಿಜಿ ಒತ್ತಿ ನೋಡ್ತಾಳೆ, ಆಮೇಲೆ ಇಡೀ ಬ್ಯಾಚು. ಪಾಪ, ಅಜ್ಜ ಒಂದು ವಾರದಿಂದ ಹೊಟ್ಟೆ ತೋರಿಸಿಕೊಂಡೇ ಮಲಗಿದ್ದಾರೆ.

ಡಾಕ್ಟರಲ್ಲದ ಸ್ನೇಹಿತರಿಗೆ ಒಂದು ಮಾತು. ಗುಲ್ಮ ಊದಿದಾಗ ಎಡಪಕ್ಕೆಯ ಕೆಳಗಿನಿಂದ ಓರೆಯಾಗಿ ಬಲಗಡೆ ಕಿಬ್ಬೊಟ್ಟೆಯ ಕಡೆಗೆ ಬೆಳೆಯುತ್ತೆ. ಅದಕ್ಕೇ ಕೈಯನ್ನು ಬಲಗಡೆ ಕೆಳಗಿನಿಂದ ಶುರು ಮಾಡಿ ಮೆಲ್ಲಗೆ ಮೇಲಕ್ಕೆ ತರಬೇಕು. ಮೇಲಿನಿಂದಲೇ ಶುರು ಮಾಡಿದರೆ, ತುಂಬ ದೊಡ್ಡದಾಗಿದ್ದ ಗುಲ್ಮದ ಮೇಲೇ ಕೈ ಇಟ್ಟುಕೊಂಡು, ಅಂಚು ಸಿಗದೆ, ಏನೂ ಇಲ್ಲ ಅಂತ ಬರೆದುಬಿಡಬಹುದು. ಹುಡುಗ ಮೇಲಿನಿಂದ ಶುರು ಮಾಡಿದ. ತಪ್ಪು. ತಪ್ಪು ಅಂತ ಹೇಳಿ, ಕೈ ಹಿಡಿದು ಕೆಳಗಿಟ್ಟರೆ ಐದು ಸೆಕೆಂಡಿನ ಕೆಲಸ.

ಸರ್ ಹಾಗೆ ಮಾಡಲಿಲ್ಲ. "ಏನಪ್ಪಾ, ಅಲ್ಲೇನು ಕಳ್ಕೊಂಡಿದ್ದೀಯ? ಪೆನ್ನಾ?" ಅಂದರು. ಎಲ್ಲರೂ ನಕ್ಕರು. ನಗಲೇಬೇಕು, ಇಲ್ಲದಿದ್ದರೆ ಮುಂದಿನ ಸರದಿ ಅವರದ್ದು. ಹುಡುಗನ ಕೈ ನಡುಗೋಕೆ ಶುರುವಾಯಿತು. "ಸರಿ, ಇದು ಕಿಡ್ನಿ ಅಲ್ಲ, ಸ್ಪ್ಲೀನ್ ಅಂತ ಹೇಗೆ ಹೇಳ್ತೀಯ?" ಅಂತ ಮುಂದಿನ ಪ್ರಶ್ನೆ. ಅವನಿಗೆ ಉತ್ತರ ಗೊತ್ತಿತ್ತು. ನನಗೆ ಹೇಗೆ ಗೊತ್ತು ಅಂದ್ರೆ, ಹತ್ತು ನಿಮಿಷ ಮುಂಚೆ ಕಾರಿಡಾರಿನಲ್ಲಿ ಪಕ್ಕದವಳಿಗೆ ಅವನೇ ಹೇಳಿಕೊಡ್ತಿದ್ದ: ಗುಲ್ಮದ ಮೇಲಂಚಿಗೂ ಪಕ್ಕೆಲುಬಿಗೂ ನಡುವೆ ಬೆರಳು ತೂರಲ್ಲ, ಅಂಚಿನಲ್ಲಿ ಒಂದು ಕಚ್ಚು ಸಿಗುತ್ತೆ, ಉಸಿರು ಎಳೆದಾಗ ಓರೆಯಾಗಿ ಇಳಿಯುತ್ತೆ, ತಟ್ಟಿದರೆ ಮೊದ್ದು ಸದ್ದು. ಅಷ್ಟೂ ಸರಿಯಾಗಿತ್ತು. ಸರ್ ಮುಂದೆ ಮಾತ್ರ ಬಾಯಿ ತೆರೆದ, ಮುಚ್ಚಿದ. "ನಿಮ್ಮಪ್ಪನಿಗೆ ಫೋನ್ ಮಾಡು, ನಿನಗೆ ಬೇರೆ ಕೆಲಸ ನೋಡೋಕೆ ಹೇಳು" ಅಂದರು ಸರ್.

ಆಗ ಮಲಗಿದ್ದ ಅಜ್ಜ ಮಾತಾಡಿದರು. ಮೆಲ್ಲಗೆ, ಅವನೊಬ್ಬನಿಗೇ ಕೇಳಿಸುವ ಹಾಗೆ. "ಕೆಳಗಿಂದ ಶುರು ಮಾಡು ಮಗಾ. ನಿನ್ನೆ ಬಂದ ಹುಡುಗಿ ಅಲ್ಲಿಂದ್ಲೇ ಒತ್ಕೊಂಡ್ ಬಂದ್ಲು." ಅಷ್ಟು ಹೇಳಿ, ಯಾರೂ ಕೇಳದಿದ್ದರೂ, ತಾವೇ ದೀರ್ಘವಾಗಿ ಉಸಿರು ಎಳೆದುಕೊಂಡರು. ವಾರದಿಂದ ಎಲ್ಲರೂ ಅದನ್ನೇ ಹೇಳಿದ್ದಾರಲ್ಲ, ಅವರಿಗೆ ಬಾಯಿಪಾಠ. ಉಸಿರು ಎಳೆದರೆ ಗುಲ್ಮ ಬೆರಳಿಗೆ ಬಂದು ತಾಗುತ್ತೆ ಅಂತ ಪಾಠ ಕಲಿಯದ ಆ ಮನುಷ್ಯನಿಗೆ ಅರ್ಥವಾಗಿತ್ತು. ಹುಡುಗ ನಡುಗುತ್ತಿದ್ದಾನೆ ಅನ್ನೋದೂ ಅರ್ಥವಾಗಿತ್ತು. ಆ ಹದಿನೈದು ಬಿಳಿ ಕೋಟುಗಳ ನಡುವೆ ಒಳ್ಳೆಯ ಮೇಷ್ಟ್ರು ಅಂತ ಇದ್ದವರು ಅವರೊಬ್ಬರೇ.

ನಾನು ಎರಡನೇ ವರ್ಷದಲ್ಲಿ ಫೇಲಾದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತೇ ಇದೆ, ಆ ಪುರಾಣ ಮತ್ತೆ ಊದಲ್ಲ. ಆದರೆ ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೂ ನನಗೆ ಅರ್ಥವಾಗದೇ ಇರೋದು ಒಂದೇ. ಹೆದರಿಸಿದರೆ ಕಲೀತಾರೆ ಅನ್ನೋದನ್ನು ನಾವು ಎಲ್ಲಿಂದ ಕಲಿತೆವು?

ಯಾಕಂದ್ರೆ ನಮ್ಮ ಪುಸ್ತಕದಲ್ಲೇ ಇದಕ್ಕೆ ಉಲ್ಟಾ ಇದೆ. ಹೆದರಿಕೆಯಾದಾಗ ಅಡ್ರಿನಲಿನ್ ಏನು ಮಾಡುತ್ತೆ ಅಂತ ಮೊದಲ ವರ್ಷದ ಮಕ್ಕಳಿಗೆ ನಾವೇ ಕೇಳ್ತೀವಿ. ಎದೆ ಬಡಿತ ಜೋರು, ಬಾಯಿ ಒಣಗುತ್ತೆ, ಕೈ ತಣ್ಣಗಾಗುತ್ತೆ, ಬೆವರು, ಕಣ್ಣಿನ ಪಾಪೆ ಹಿಗ್ಗುತ್ತೆ, ಬೆರಳು ನಡುಗುತ್ತೆ. ಇವತ್ತು ಇಷ್ಟೂ ಆ ಹುಡುಗನ ಮೈಮೇಲೇ ಇತ್ತು. ಒಂದೂ ಬಿಟ್ಟಿರಲಿಲ್ಲ. ಡಯಾಗ್ನೋಸಿಸ್ ಮಾಡೋಕೆ ನಿಂತಿದ್ದ ಇಬ್ಬರು ಹಿರಿಯ ಡಾಕ್ಟರಿಗೆ ಮಂಚದ ಮೇಲಿನ ಕೇಸ್ ಕಂಡಿತು, ಮಂಚದ ಪಕ್ಕದ್ದು ಕಾಣಲಿಲ್ಲ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಏರಿದಾಗ ಗೊತ್ತಿದ್ದ ವಿಷಯವೂ ನೆನಪಿನಿಂದ ಹೊರಗೆ ಬರೋದಕ್ಕೆ ಕಷ್ಟವಾಗುತ್ತೆ ಅಂತಲೂ ನಾವೇ ಪಾಠ ಮಾಡ್ತೀವಿ. ಮಕ್ಕಳು "ಬ್ಲಾಂಕ್ ಆಗೋಯ್ತು ಮೇಡಂ" ಅಂದರೆ ಓದಿಲ್ಲ ಅಂತ ಬೈತೀವಿ.

1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು ಇಲಿಗಳಿಗೆ ಕರೆಂಟ್ ಶಾಕ್ ಕೊಟ್ಟು ಪಾಠ ಕಲಿಸಿ ನೋಡಿದರು. ಸುಲಭದ ಪಾಠಕ್ಕೆ ಜೋರು ಶಾಕ್ ಕೆಲಸ ಮಾಡಿತು. ಪಾಠ ಕಷ್ಟವಾದಷ್ಟೂ ಸಣ್ಣ ಶಾಕೇ ಮೇಲು ಅಂತ ಕಂಡುಬಂತು. ಗುಲ್ಮವನ್ನು ಕಿಡ್ನಿಯಿಂದ ಬೇರೆ ಮಾಡಿ ಗುರುತಿಸೋದು ಸುಲಭದ ಪಾಠ ಅಂತ ಯಾರಾದರೂ ಹೇಳ್ತೀರಾ? ನೂರು ವರ್ಷ ದಾಟಿದೆ. ಇಲಿಗಳಿಗೆ ಸಿಕ್ಕ ಮರ್ಯಾದೆ ನಮ್ಮ ಮಕ್ಕಳಿಗೆ ಇನ್ನೂ ಸಿಕ್ಕಿಲ್ಲ.

ಅಂಕಿ ಅಂಶ ಬೇಕು ಅನ್ನೋರಿಗೆ ಅದೂ ಇದೆ. 2016ರಲ್ಲಿ ಜಾಮಾ ಅನ್ನೋ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ದೊಡ್ಡ ವಿಶ್ಲೇಷಣೆ ಬಂತು. ನಲವತ್ತಕ್ಕೂ ಹೆಚ್ಚು ದೇಶಗಳ, ಒಂದು ಲಕ್ಷಕ್ಕೂ ಹೆಚ್ಚು ವೈದ್ಯಕೀಯ ವಿದ್ಯಾರ್ಥಿಗಳ ಲೆಕ್ಕ. ಶೇ 27.2 ಮಂದಿಯಲ್ಲಿ ಖಿನ್ನತೆ ಅಥವಾ ಅದರ ಲಕ್ಷಣ. ಶೇ 11.1 ಮಂದಿಗೆ ಆತ್ಮಹತ್ಯೆಯ ಯೋಚನೆ ಬಂದಿತ್ತು. 2019ರ ಇನ್ನೊಂದು ವಿಶ್ಲೇಷಣೆಯಲ್ಲಿ ಆತಂಕ ಇರುವವರು ಮೂರರಲ್ಲಿ ಒಬ್ಬರು. ಇವತ್ತು ಮಂಚದ ಸುತ್ತ ನಿಂತಿದ್ದ ಹದಿನೈದರಲ್ಲಿ ಎಷ್ಟು ಅಂತ ಲೆಕ್ಕ ಹಾಕಿದೆ. ಹಾಕಬಾರದಿತ್ತು.

ನನಗೆ ಇವೆಲ್ಲಕ್ಕಿಂತ ಜಾಸ್ತಿ ಉರಿಸಿದ ಸಂಖ್ಯೆ ಬೇರೆ. ಆ ಜಾಮಾ ಬರಹದಲ್ಲೇ ಇದೆ: ಖಿನ್ನತೆ ಇದೆ ಅಂತ ಕಂಡುಬಂದವರಲ್ಲಿ ಮನೋವೈದ್ಯರ ಹತ್ತಿರ ಹೋದವರು ಶೇ 15.7. ಅಷ್ಟೇ. ಆಸ್ಪತ್ರೆಯೊಳಗೇ ಬದುಕುವ ಮಕ್ಕಳು ಇವರು. ಒಂದು ಮಹಡಿ ಇಳಿದರೆ ಮನೋವೈದ್ಯರ ಓಪಿಡಿ. ಆದರೂ ಹೋಗಲ್ಲ. ಯಾಕೆ ಹೋಗ್ತಾರೆ ಹೇಳಿ? ಓಪಿಡಿಯಲ್ಲಿ ಕೂತಿರುವ ಡಾಕ್ಟರ್ ನಾಳೆ ಇವರಿಗೆ ವೈವಾ, ಅಂದರೆ ಮೌಖಿಕ ಪರೀಕ್ಷೆ, ತಗೊಳ್ಳೋ ಮೇಷ್ಟ್ರು. ಕೇಸ್ ಶೀಟ್ ಬರೆಯೋಕೆ ಕೂತಿರೋದು ಹಾಸ್ಟೆಲಿನ ಸೀನಿಯರ್. ಬಾಗಿಲಲ್ಲಿ ಪೋಸ್ಟಿಂಗ್‌ಗೆ ನಿಂತಿರೋದು ಸ್ವಂತ ಬ್ಯಾಚ್‌ಮೇಟ್. ಹೀಗಿರುವಾಗ "ಏನೇ ಇದ್ದರೂ ನಮ್ಮ ಹತ್ತಿರ ಹೇಳಿಕೊಳ್ಳಿ, ನಾವಿದ್ದೇವೆ" ಅಂತ ನೋಟೀಸ್ ಬೋರ್ಡಿನಲ್ಲಿ ಹೂವಿನ ಚಿತ್ರ ಹಾಕಿ ಅಂಟಿಸ್ತೀವಿ. ಅದೇ ನಾವಿದ್ದೇವಲ್ಲ, ಸಮಸ್ಯೆ!

ಹಾಂ, ಒತ್ತಡ ನಿರ್ವಹಣೆಯ ಕಾರ್ಯಾಗಾರ ಬೇರೆ ಮಾಡ್ತೀವಿ. ವಾರವೆಲ್ಲ ಓಡಾಡಿ ಸುಸ್ತಾದ ಮಕ್ಕಳಿಗೆ ಇರೋ ಒಂದು ಬಿಡುವಿನ ಮಧ್ಯಾಹ್ನದಲ್ಲಿ. ಹಾಜರಿ ಕಡ್ಡಾಯ. ಆರಾಮವಾಗಿ ಉಸಿರಾಡೋದು ಹೇಗೆ ಅಂತ ಹೇಳಿಕೊಡ್ತಾರೆ, ಬರದವರ ಹೆಸರು ಬರೆದುಕೊಳ್ತಾರೆ.

ಈಗ ನಿಮ್ಮಲ್ಲಿ ಒಬ್ಬರಾದರೂ ಟೈಪ್ ಮಾಡೋಕೆ ಶುರು ಮಾಡಿರ್ತೀರಿ, ಗೊತ್ತು. ಇದು ಜೀವದ ಪ್ರಶ್ನೆ, ಮೆತ್ತಗೆ ಬೆಳೆಸಿದರೆ ನಾಳೆ ಕ್ಯಾಶುವಾಲಿಟಿಯಲ್ಲಿ ಒಂದೇ ಸಲ ಮೂರು ಪೇಷಂಟ್ ಬಂದಾಗ ಏನು ಮಾಡ್ತಾರೆ, ಅಂತ. ಒಪ್ಪಿದೆ. ಪರೀಕ್ಷೆ ಬೇಡ ಅಂತ ನಾನು ಹೇಳಿಲ್ಲ. ಓದೋದು ಜಾಸ್ತಿಯೇ ಇರುತ್ತೆ, ಅದು ಕಡಿಮೆಯಾಗಲ್ಲ. ಗೊತ್ತಿಲ್ಲದವರನ್ನು ಫೇಲ್ ಮಾಡಿ, ನಾನೂ ಮಾಡಿದ್ದೇನೆ, ಮುಂದೆಯೂ ಮಾಡ್ತೀನಿ. ಆದರೆ ಕ್ಯಾಶುವಾಲಿಟಿಯಲ್ಲಿ ಮೂರು ಪೇಷಂಟ್ ಬಂದಾಗ ನನಗೆ ಬೇಕಾಗಿರೋದು "ಮೇಡಂ, ನನಗೆ ಗೊತ್ತಾಗ್ತಿಲ್ಲ, ಬೇಗ ಬನ್ನಿ" ಅಂತ ಫೋನ್ ಮಾಡುವ ಜೂನಿಯರ್. ಅಪ್ಪನ ಹೆಸರು ಹಿಡಿದು ಬೈಸಿಕೊಂಡು ಬೆಳೆದವನು ರಾತ್ರಿ ಎರಡು ಗಂಟೆಗೆ ನನಗೆ ಫೋನ್ ಮಾಡ್ತಾನಾ? ಗೊತ್ತಿದೆ ಅಂತ ನಟಿಸ್ತಾನೆ. ಬೆಳಿಗ್ಗೆವರೆಗೆ ತಳ್ತಾನೆ. ಪೇಷಂಟ್ ಕೆಡೋದು ಆ ನಾಲ್ಕು ಗಂಟೆಯಲ್ಲಿ.

ಇನ್ನೊಂದು ಡೈಲಾಗ್ ಇದೆ, ನನಗೆ ಅಲರ್ಜಿ ಅದು. "ನಾವೂ ಇದನ್ನೆಲ್ಲ ದಾಟಿ ಬಂದಿಲ್ವಾ?" ದಾಟಿ ಬಂದಿದ್ದೇವೆ ಸ್ವಾಮಿ. ಹೇಗೆ ದಾಟಿದೆವು ಅಂತ ಯಾರೂ ಹೇಳಲ್ಲ. ಆಸ್ಪತ್ರೆಯಲ್ಲೇ ಇದ್ದು, ಹಗಲು ರಾತ್ರಿ ದುಡಿದು ಸರ್ಜರಿ ಕಲಿಯಬೇಕು ಅನ್ನೋ ಪದ್ಧತಿ ಕಟ್ಟಿದವರಲ್ಲಿ ದೊಡ್ಡ ಹೆಸರು ವಿಲಿಯಂ ಹಾಲ್‌ಸ್ಟೆಡ್. 19ನೇ ಶತಮಾನದ ಕೊನೆ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ. ಮಹಾನ್ ಸರ್ಜನ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರಿವಳಿಕೆಗಾಗಿ ತನ್ನ ಮೇಲೇ ಪ್ರಯೋಗ ಮಾಡಿಕೊಂಡು ಕೊಕೇನ್ ಚಟಕ್ಕೆ ಬಿದ್ದವರು, ಅದನ್ನು ಬಿಡಿಸೋಕೆ ಹೋಗಿ ಮಾರ್ಫಿನ್‌ಗೂ ಅಂಟಿಕೊಂಡವರು. ಅವರು ಹಾಕಿದ ಅಳತೆಗೆ ನಿದ್ದೆ ಬೇಕಾಗುವ ಸಾಮಾನ್ಯ ಮಕ್ಕಳನ್ನು ಎಳೆದು ಎಳೆದು ಹೊಂದಿಸ್ತಾ ಇದ್ದೀವಿ.

ನಾನು ದಾಟಿದ್ದು ಹೇಗೆ ಅಂತಲೂ ಹೇಳ್ತೀನಿ. ಫೇಲಾದದ್ದು ನಿಮಗೆ ಗೊತ್ತು. ಇದು ಗೊತ್ತಿಲ್ಲ: ಪ್ರತಿ ವೈವಾ ದಿನ ಬೆಳಿಗ್ಗೆ ನನಗೆ ವಾಂತಿ ಆಗ್ತಿತ್ತು. ರೂಂಮೇಟಿಗೆ ಕೇಳಿಸದಿರಲಿ ಅಂತ ನಲ್ಲಿ ಪೂರ್ತಿ ತಿರುಗಿಸಿಟ್ಟು ವಾಂತಿ ಮಾಡ್ತಿದ್ದೆ. ಆಮೇಲೆ ಮುಖ ತೊಳೆದು, ಕೋಟು ಹಾಕಿಕೊಂಡು ಹೋಗಿ ನಿಲ್ತಿದ್ದೆ. ನಾಲ್ಕು ವರ್ಷ. ಕೊನೆಯ ವರ್ಷದಲ್ಲಿ ಒಂದು ದಿನ ನಾನು ಒಳಗೆ ಹೋದಾಗ ನಲ್ಲಿ ಆಗಲೇ ಬಿಟ್ಟಿತ್ತು. ಒಳಗಿದ್ದವಳು ರೂಂಮೇಟ್. ನಮ್ಮ ಬ್ಯಾಚಿನ ರ‍್ಯಾಂಕ್ ಹುಡುಗಿ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು, ಒಂದು ಮಾತೂ ಆಡಲಿಲ್ಲ. ಅವತ್ತು ಅವಳ ಪಕ್ಕ ಕೂತು ಒಂದು ನಿಮಿಷ ಮಾತಾಡಬಹುದಿತ್ತು ಅಲ್ವಾ?

ಇಷ್ಟೆಲ್ಲ ಅನುಭವಿಸಿದ ನಾನು ಒಳ್ಳೆಯ ಮೇಡಂ ಆಗಿರಬೇಕು ಅಂತ ನೀವು ಅಂದುಕೊಂಡಿದ್ದರೆ, ಅದೂ ಸುಳ್ಳು. ಕೆಲವು ವರ್ಷದ ಹಿಂದೆ ಒಬ್ಬಳು ಔಷಧಿಯ ಡೋಸ್ ತಪ್ಪು ಹೇಳಿದಳು. "ಯಾರ ಪ್ರಾಣ ತೆಗೀಬೇಕು ಅಂತ ಬಂದಿದ್ದೀಯಮ್ಮಾ?" ಅಂದೆ, ಎಲ್ಲರೆದುರು. ಸುತ್ತಲಿದ್ದವರು ನಕ್ಕರು. ನಿಜ ಹೇಳ್ತೀನಿ, ಅವರು ನಕ್ಕಾಗ ನನಗೆ ಹಿತವಾಯಿತು. ಒಂದು ಕ್ಷಣ ನಾನೇ ನಮ್ಮ ಹಳೇ ಮೇಷ್ಟ್ರು ಆಗಿಬಿಟ್ಟಿದ್ದೆ. ಆ ಹುಡುಗಿ ಮುಂದಿನ ಎರಡು ತಿಂಗಳು ನನ್ನ ಪೋಸ್ಟಿಂಗ್‌ನಲ್ಲಿ ಯಾವಾಗಲೂ ಹಿಂದಿನ ಸಾಲು. ಪಾಸಾಗಿ ಹೋದಳು. ಅವಳಿಗೆ ಆ ಡೋಸ್ ಇವತ್ತಿಗೂ ನೆನಪಿರುತ್ತೆ ಅಂತ ನಮ್ಮ ಸರ್ ಹೇಳಬಹುದು. ನನ್ನ ಮುಖವೂ ನೆನಪಿರುತ್ತೆ, ಅದಕ್ಕೇನು ಮಾಡ್ಲಿ?

ಒಂದು ವಿಷಯ ನೋಡಿ. ನಾವು ವೈದ್ಯರು ತೆಗೆದುಕೊಳ್ಳುವ ಪ್ರಮಾಣ, ಜಿನೀವಾ ಘೋಷಣೆ, 1948ರಿಂದ ಇದೆ. ಪೇಷಂಟನ್ನು ಚೆನ್ನಾಗಿ ನೋಡಿಕೊಳ್ಳೋಕೆ ನನ್ನ ಸ್ವಂತ ಆರೋಗ್ಯವನ್ನೂ ನೋಡಿಕೊಳ್ಳುತ್ತೇನೆ ಅನ್ನೋ ಸಾಲು ಅದಕ್ಕೆ ಸೇರಿದ್ದು 2017ರಲ್ಲಿ. ಹತ್ತಿರ ಹತ್ತಿರ ಎಪ್ಪತ್ತು ವರ್ಷ ಬೇಕಾಯಿತು ನಮಗೆ, ಡಾಕ್ಟರಿಗೂ ಒಂದು ಮೈ ಮನಸ್ಸು ಇದೆ ಅಂತ ಬರೆಯೋಕೆ. ಅದೇ ಘೋಷಣೆಯಲ್ಲಿ ಗುರುಗಳಿಗೆ ಗೌರವ ಕೊಡಬೇಕು ಅಂತ ಇದೆ, ಸರ್‌ಗೆ ಅದು ಚೆನ್ನಾಗಿ ನೆನಪಿದೆ. ಈಗಿನ ರೂಪದಲ್ಲಿ ಅದು ಗುರುಗಳು, ಜೊತೆಗಾರರು, ವಿದ್ಯಾರ್ಥಿಗಳು, ಮೂವರಿಗೂ ಅಂತ ಇದೆ. ಓದಿಲ್ಲ ಅಂತ ಕಾಣುತ್ತೆ.

ಸಂಜೆ ವಾರ್ಡಿಗೆ ಹೋದೆ. ಕೆಲಸ ಇತ್ತು ಅಂತ ಇಟ್ಟುಕೊಳ್ಳಿ. ಹುಡುಗ ಅಜ್ಜನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. "ಸಾರಿ ಮೇಡಂ" ಅಂದ. ಯಾಕೆ ಅಂತ ಕೇಳಿದೆ. ಅವನಿಗೂ ಗೊತ್ತಿರಲಿಲ್ಲ. ಅಜ್ಜ ಮಲಗಿದಲ್ಲಿಂದಲೇ, "ಈಗ ಸಿಗ್ತದೆ ಡಾಕ್ಟ್ರಮ್ಮಾ ಅವನಿಗೆ, ಮೂರು ಸಲ ನೋಡ್ದ. ಕೈ ಮಾತ್ರ ಭಾರೀ ತಣ್ಣಗೆ" ಅಂದರು.

ನಾನು ಬೆಳಿಗ್ಗೆ ಕಾಲ ಹತ್ತಿರ ಸುಮ್ನೆ ನಿಂತಿದ್ದೆ. ಇದನ್ನು ನೀವು ಕೇಳೋ ಮೊದಲು ನಾನೇ ಹೇಳ್ತೀನಿ. "ಸರ್, ಸಾಕು" ಅನ್ನೋಕೆ ಎರಡು ಪದ ಬೇಕಿತ್ತು. ನನ್ನ ಬಾಯೂ ಒಣಗಿತ್ತು. ಮೊಬೈಲ್ ಹಿಡಿದು ಮಂಚದ ಮೇಲೆ ಕೂತರೆ ಧೈರ್ಯ ತಾನಾಗೇ ಬರುತ್ತೆ ನೋಡಿ.

ಸರ್ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದಾರೆ. ಲೈಕ್ ಒತ್ತಲ್ಲ, ಆದರೆ ಎಲ್ಲ ಓದ್ತಾರೆ. ನಾಳೆ ಎಂಟು ಗಂಟೆಗೆ ರೌಂಡ್ಸ್ ಇದೆ.