ಗುಡ್ಡ ಒಂದೇ, ಬೋರ್ಡು ಮಾತ್ರ ಸಾಲುತ್ತಿಲ್ಲ

ಮಂಗಳೂರಿನ ಸಿಟಿ ಬಸ್ಸು ಹತ್ತಿದವರಿಗೆ ಸ್ಟೇಟ್‌ಬ್ಯಾಂಕ್ ಅಂದರೆ ದುಡ್ಡು ಇಡುವ ಜಾಗವಲ್ಲ, ಬಸ್ಸು ಇಳಿಯುವ ಜಾಗ. ಆ ಹೆಸರಿಗೆ ಯಾರೂ ಠರಾವು ಪಾಸು ಮಾಡಲಿಲ್ಲ, ರಿಬ್ಬನ್ ಕತ್ತರಿಸಲಿಲ್ಲ. ಕಂಡಕ್ಟರು ಬಾಗಿಲಲ್ಲಿ ನೇತಾಡಿಕೊಂಡು ಕೂಗಿದ, ಊರು ಒಪ್ಪಿತು, ಮುಗಿಯಿತು. ಇನ್ನೊಂದು ಕಡೆ ಅಂಬೇಡ್ಕರ್ ವೃತ್ತ ಎಂದು ನಾಮಕರಣವೇ ಆಗಿದೆ. ಆದರೆ ಅಲ್ಲಿನ ಜ್ಯೋತಿ ಟಾಕೀಸಿನಲ್ಲಿ ಸಿನಿಮಾ ನಿಂತ ಮೇಲೂ ಜನರ ಬಾಯಲ್ಲಿ ಅದು ‘ಜ್ಯೋತಿ’ಯೇ. ಸಂವಿಧಾನ ಬರೆದವರಿಗೆ ವರ್ಷಕ್ಕೆರಡು ಹಾರ ಹಾಕುತ್ತೇವೆ, ಟಿಕೆಟ್ ಮಾತ್ರ ಜ್ಯೋತಿಗೇ ತೆಗೆಯುತ್ತೇವೆ.

ಆ ಜ್ಯೋತಿಯ ಬಳಿಯೇ ಬಾವುಟಗುಡ್ಡ. ಅಲಿಯಾಸ್ ಲೈಟ್‌ಹೌಸ್ ಹಿಲ್.

ಹೊರಗಿನಿಂದ ಬಂದ ಹಿರಿಯರೊಬ್ಬರು ರಿಕ್ಷಾ ನಿಲ್ಲಿಸಿದರು ಅಂತಿಟ್ಟುಕೊಳ್ಳಿ.

“ಬಾವುಟಗುಡ್ಡೆಗೆ ಬರ್ತೀರಾ?”

“ಅಲ್ಲಿ ಎಲ್ಲಿಗೆ? ಅಲೋಶಿಯಸ್ ಕಾಲೇಜಾ, ಕೆಎಂಸಿ ಆಸ್ಪತ್ರೆಯಾ?”

“ಲೈಟ್‌ಹೌಸ್ ನೋಡ್ಬೇಕಿತ್ತು.”

“ಅದೆಂತಕ್ಕೆ ಮಾರಾಯ್ರೇ, ಅದರಲ್ಲಿ ಲೈಟೇ ಇಲ್ಲ!”

ರಿಕ್ಷಾದವನ ಮಾತಿನಲ್ಲಿ ತಪ್ಪಿಲ್ಲ. ಹಳೆಯ ಬಂದರಿನ ಕಾಲದ ದೀಪಸ್ತಂಭ ಅದು. ದೊಡ್ಡ ಹಡಗುಗಳೆಲ್ಲ ಪಣಂಬೂರಿನ ಹೊಸ ಬಂದರಿಗೆ ಹೋದವು, ದಾರಿ ತೋರಿಸುವ ಕೆಲಸ ಸುರತ್ಕಲ್ಲಿನ ದೀಪಸ್ತಂಭಕ್ಕೆ ಹೋಯಿತು. ಉಳಿದದ್ದು ಕಂಬವೊಂದೇ. ಅದನ್ನು ಕಟ್ಟಿಸಿದ್ದು ಹೈದರಾಲಿ ಎಂದು ಒಬ್ಬರು, ಬ್ರಿಟಿಷರು ಎಂದು ಇನ್ನೊಬ್ಬರು. ಈ ವಾದ ಬಿಸಿಯಾಗಿರುವಾಗಲೇ ಸುತ್ತ ಬಹುಮಹಡಿಗಳು ಎದ್ದಿವೆ. ಹಿಂದೆ ಇಲ್ಲಿ ನಿಂತು ಶತ್ರುವಿನ ಹಡಗು ಬಂತೇ ಎಂದು ನೋಡುತ್ತಿದ್ದರಂತೆ. ಈಗ ನೋಡಿದರೆ ಆರನೇ ಮಹಡಿಯವರ ಬಾಲ್ಕನಿಯಲ್ಲಿ ಬೈರಾಸು ಒಣಗಿತೇ ಇಲ್ಲವೇ ಎಂದು ಖಚಿತವಾಗಿ ಹೇಳಬಹುದು.

ಬಾವುಟದ ಕತೆ ಇನ್ನೂ ಸೊಗಸು. 1837ರ ಏಪ್ರಿಲ್ 5ರಂದು ಸುಳ್ಯದ ಕಡೆಯಿಂದ ಎದ್ದ ರೈತರ ದಂಡು ಮಂಗಳೂರಿಗೆ ನುಗ್ಗಿ, ಕಂಪನಿಯವರನ್ನು ಓಡಿಸಿ, ಈ ಗುಡ್ಡದ ಮೇಲೆ ತನ್ನ ಬಾವುಟ ಏರಿಸಿತು. ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಯ ಪಡೆ ಬಂತು, ಮುಂದಾಳುಗಳಿಗೆ ನೇಣು. ಜೊತೆಗೆ ಆ ಬಂಡಾಯಕ್ಕೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂಬ ಅಡ್ಡಹೆಸರು, ಅಂದರೆ ಬರೀ ಲೂಟಿ. ನಾವೂ ಬಹಳ ಕಾಲ ಹಾಗೆಯೇ ಕರೆದೆವು. ಕೊನೆಗೆ 2022ರ ನವೆಂಬರಿನಲ್ಲಿ ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಬಾವುಟಗುಡ್ಡದಲ್ಲಿ ಎದ್ದಿತು, ಮುಖ್ಯಮಂತ್ರಿಗಳೇ ಬಂದು ಅನಾವರಣ ಮಾಡಿದರು. 185 ವರ್ಷ! ನಮ್ಮ ಕಚೇರಿಗಳ ವೇಗ ಬಲ್ಲವರು ಇದನ್ನು ತಡ ಎನ್ನಲಾರರು.

ರಸ್ತೆಯ ವಿಷಯದಲ್ಲಿ ಮಾತ್ರ ನಾವು ಭಾರೀ ಚುರುಕು. 2017ರಲ್ಲಿ ಲೈಟ್‌ಹೌಸ್ ಹಿಲ್ ರಸ್ತೆಗೆ ಮೂಲ್ಕಿ ಸುಂದರರಾಮ ಶೆಟ್ಟಿಯವರ ಹೆಸರಿಡಲು ಆದೇಶ ಬಂತು. ಆದೇಶಕ್ಕೆ ಆಕ್ಷೇಪ, ಕಾಲೇಜಿನ ಕಡೆಯವರಿಂದ ಅಲೋಶಿಯಸ್ ಹೆಸರಿನ ವಾದ, ಆದೇಶಕ್ಕೆ ತಡೆ, ತಡೆಗೆ ಪ್ರತಿಭಟನೆ. ಗುಂಡಿಗೆ ಡಾಂಬರು ಕೇಳಿ ಅಷ್ಟು ಜನ ಬೀದಿಗಿಳಿದದ್ದನ್ನು ನಾನಂತೂ ಕಂಡಿಲ್ಲ. ಶೆಟ್ಟರು ಬೆಳೆಸಿದ್ದು ವಿಜಯಾ ಬ್ಯಾಂಕ್. 1931ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬರೋಡಾ ಬ್ಯಾಂಕಿನೊಳಗೆ ಕರಗಿಹೋಯಿತು. ದಿನ ನೋಡಿ ತಮಾಷೆ ಎಂದುಕೊಂಡವರು ಮರುದಿನ ಪಾಸ್‌ಬುಕ್ ನೋಡಿ ಸುಮ್ಮನಾದರು.

ಇಷ್ಟೆಲ್ಲ ಗದ್ದಲದ ನಡುವೆ ಅಲೋಶಿಯಸ್ ಚಾಪೆಲ್ ತಣ್ಣಗೆ ನಿಂತಿದೆ. ಇಟಲಿಯಿಂದ ಬಂದ ಜೆಸ್ವಿಟ್ ಕಲಾವಿದ ಅಂತೋನಿಯೊ ಮೊಸ್ಕೆನಿ ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಅದರ ಛಾವಣಿಗೂ ಗೋಡೆಗೂ ಚಿತ್ರ ಬರೆದರು. ತಲೆಯೆತ್ತಿ ನೋಡಿದರೆ ಕತ್ತು ನೋಯುತ್ತದೆ, ಕೆಳಗಿಳಿಸಲು ಮನಸ್ಸಾಗುವುದಿಲ್ಲ. ಹೊರಗೆ ಬಂದರೆ ಅದೇ ಕತ್ತನ್ನು ಮತ್ತೆ ಎತ್ತಬೇಕು: ರಾತ್ರೋರಾತ್ರಿ ಎದ್ದ ಫ್ಲೆಕ್ಸಿನಲ್ಲಿ ಮರಿ ನಾಯಕರೊಬ್ಬರ ಹುಟ್ಟುಹಬ್ಬ, ಶುಭ ಕೋರುವ ನಲವತ್ತು ತಲೆಗಳು.

ನನ್ನದೊಂದು ಸಲಹೆ ಉಂಟು. ಜಗಳ ಬೇಡ, ಎಲ್ಲರ ಹೆಸರನ್ನೂ ಒಂದೇ ಕಂಬದಲ್ಲಿ ಒಂದರ ಮೇಲೊಂದು ಬರೆಸೋಣ: ಹೈದರಾಲಿ, ಕಂಪನಿ, ಕಲ್ಯಾಣಪ್ಪ, ರಾಮಯ್ಯ ಗೌಡ, ಅಲೋಶಿಯಸ್, ಶೆಟ್ಟರು. ಟ್ಯಾಗೋರ್ ಪಾರ್ಕೂ ಅಲ್ಲೇ ಇರುವುದರಿಂದ ಟ್ಯಾಗೋರರನ್ನು ಬಿಡುವ ಹಾಗಿಲ್ಲ. ಮುಂದೆ ಬರುವವರಿಗೆಂದು ಮೇಲೆ ಒಂದಿಪ್ಪತ್ತು ಅಡಿ ಖಾಲಿ ಇರಲಿ. ಅಷ್ಟೆತ್ತರ ಹೋದರೆ ವಿಮಾನಕ್ಕೆ ತಾಗದಂತೆ ತುದಿಯಲ್ಲೊಂದು ಕೆಂಪು ದೀಪ ಹಾಕಲೇಬೇಕಾಗುತ್ತದೆ. ಅದರ ಕರೆಂಟ್ ಬಿಲ್ಲು ಯಾರ ಹೆಸರಿಗೆ ಎಂದು ಕೇಳಿ ನೋಡಿ, ಗುಡ್ಡದಲ್ಲಿ ಒಬ್ಬರೂ ಉಳಿಯುವುದಿಲ್ಲ.