ಹದಿನೈದು ಹರದಾರಿ ಆಕಾಶ

ರಾತ್ರಿ ಊಟ ಮುಗಿಸಿ ಕಾಕಾ ಫೋನ್ ಮಾಡಿದರು. "ಹುಬ್ಬಳ್ಳಿಯಿಂದ ಬೆಳಗಾವಿಗೆ ವಿಮಾನದಾಗ ಹೋದ್ರ ಎಷ್ಟೊತ್ತು ಹಿಡೀತದ, ನೋಡು." ಎಲ್ಲಿಗೂ ಹೋಗುವುದಿರಲಿಲ್ಲ. ಸುಮ್ನೆ, ನಿದ್ದೆ ಬಂದಿರಲಿಲ್ಲ.

ಫೋನಿನಲ್ಲಿ ನೋಡಿದೆ. ಎರಡೂ ಏರ್‌ಪೋರ್ಟಿನ ನಡುವೆ ನೇರ ಗೆರೆ ಎಳೆದರೆ ಸುಮಾರು 75 ಕಿ.ಮೀ. ಹಾರಾಟಕ್ಕೆ ಅರ್ಧ ತಾಸು ಚಿಲ್ಲರೆ. ಈ ದಾರಿಯಲ್ಲಿ ವಿಮಾನ ಹತ್ತಿದವರನ್ನು ನಾನಂತೂ ಕಂಡಿಲ್ಲ. ಆದರೆ ವಿಮಾನ ಇರಲಿ, ಬಿಡಲಿ, ಫೋನು ಲೆಕ್ಕ ಕೊಡುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ.

ಆ ಅರ್ಧ ತಾಸು ನನಗೆ ಸಮಾಧಾನ ಕೊಡಲಿಲ್ಲ. ನಮ್ಮ ಸಣ್ಣ ಊರುಗಳಿಗೆ ಬರುವ ಎಟಿಆರ್ ವಿಮಾನ ಮೇಲೇರಿದ ಮೇಲೆ ತಾಸಿಗೆ 500 ಕಿ.ಮೀ. ಆಸುಪಾಸು ಹೋಗುತ್ತದೆ. ಆ ವೇಗಕ್ಕೆ 75 ಕಿ.ಮೀ. ಅಂದರೆ ಒಂಬತ್ತೇ ನಿಮಿಷ. ಮಿಕ್ಕ ಹೊತ್ತೆಲ್ಲ ರನ್‌ವೇ ತುದಿವರೆಗೆ ಉರುಳುವುದಕ್ಕೆ, ಏರುವುದಕ್ಕೆ, ಇಳಿಯುವುದಕ್ಕೆ. ಇಳಿಯುವಾಗ ಗಾಳಿಗೆ ಎದುರು ಮುಖ ಮಾಡಬೇಕು. ಹಾಗಾಗಿ ಕೆಲವೊಮ್ಮೆ ಊರು ಕಂಡರೂ ಅದನ್ನು ದಾಟಿ, ಸುತ್ತು ಹೊಡೆದು ಬರಬೇಕು. ಏರಿ ಮುಗಿಯುವಷ್ಟರಲ್ಲಿ ಇಳಿಯುವುದು ಶುರು. ನೀರು ಕೇಳಿದರೆ ಬಂದೀತೇ?

ಸ್ಕಾಟ್ಲೆಂಡಿನಲ್ಲಿ ಇದಕ್ಕಿಂತ ಚಿಕ್ಕ ದಾರಿ ಇದೆ. ಆರ್ಕ್ನಿಯ ವೆಸ್ಟ್ರೇ ದ್ವೀಪದಿಂದ ಪಾಪಾ ವೆಸ್ಟ್ರೇಗೆ ಬರೀ 2.7 ಕಿ.ಮೀ. ಎರಡು ನಿಮಿಷದ ಹಾರಾಟ, 53 ಸೆಕೆಂಡಿನಲ್ಲಿ ಮುಗಿದದ್ದೂ ಉಂಟು. 1967ರಿಂದ ನಡೆದಿದೆ. ಅಲ್ಲಿನವರಿಗೆ ಅದು ನಮ್ಮ ಕೆಂಪು ಬಸ್ಸಿದ್ದ ಹಾಗೆ. ಅಲ್ಲಿ ನಡುವೆ ಕಡಲು. ನಮ್ಮಲ್ಲಿ ನಡುವೆ ಧಾರವಾಡ.

ಧಾರವಾಡವನ್ನು ಮೇಲಿಂದ ದಾಟಿ ಹೋಗುವುದು ನನ್ನ ಮಟ್ಟಿಗೆ ತಪ್ಪೇ. ಬಸ್ಸಾದರೆ ಕಿಟಕಿ ಹತ್ತಿರ ಫೇಡೆ ಪೊಟ್ಟಣ ಬರುತ್ತದೆ. ತೊಡೆಯ ಮೇಲಿಟ್ಟುಕೊಂಡರೆ ಇನ್ನೂ ಬೆಚ್ಚಗಿದೆ ಅನಿಸುತ್ತದೆ. ಊರಿಗೆ ಅಂತ ಕೊಂಡದ್ದು ಕಿತ್ತೂರು ಬರುವಷ್ಟರಲ್ಲಿ ದಾರ ಬಿಚ್ಚಿರುತ್ತದೆ, ಬೆರಳಿಗೆ ಸಕ್ಕರೆ ಪುಡಿ. ಆಮೇಲೆ ಎಂ.ಕೆ.ಹುಬ್ಬಳ್ಳಿ ಹತ್ತಿರ ಮಲಪ್ರಭೆ. ಬೆಳಗಾವಿ ಬಂತು ಅನ್ನುವಾಗ ಸುವರ್ಣ ವಿಧಾನಸೌಧ. ರಸ್ತೆ ನೂರು ಕಿ.ಮೀ. ಹತ್ತಿರ, ಎರಡು ತಾಸು.

ಇನ್ನೊಂದು ಮಜಾ ಇದೆ. ಹುಬ್ಬಳ್ಳಿಯ ಏರ್‌ಪೋರ್ಟೂ ಹೊಸ ಬಸ್‌ಸ್ಟ್ಯಾಂಡೂ ಗೋಕುಲ ರಸ್ತೆಯಲ್ಲೇ ಇವೆ. ವಿಮಾನದವರು ತಾಸು ಮೊದಲೇ ಬಂದು ಬೆಲ್ಟು ಬಿಚ್ಚಿ, ಚೀಲ ತೋರಿಸಿ ಕೂರಬೇಕು. ಅಷ್ಟರಲ್ಲಿ ಬಸ್ಸಿನವರು ಕಿತ್ತೂರು ಕಂಡಿರುತ್ತಾರೆ. ಇಳಿಯುವ ಕಡೆಯೂ ಹಾಗೇ. ಸಾಂಬ್ರಾ ಏರ್‌ಪೋರ್ಟು 1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿದ್ದು. ಊರಿಂದ ಹತ್ತು ಕಿ.ಮೀ. ಆಚೆ. ಅಲ್ಲಿಂದ ಆಟೋದವರ ಜೊತೆ ಚೌಕಾಸಿ.

ಕಾಕಾಗೆ ಇಷ್ಟನ್ನೂ ಹೇಳಿದೆ.

"ಕಿಲೋಮೀಟ್ರು ಬ್ಯಾಡ, ಹರದಾರಿ ಲೆಕ್ಕ ಹೇಳು."

ಹರದಾರಿ ಅಂದರೆ ಮೂರು ಮೈಲಿ. "ಹದಿನೈದು ಹರದಾರಿ ಮ್ಯಾಲ ಚೂರು," ಅಂದೆ.

"ಅಷ್ಟ? ಅಷ್ಟಕ್ಕ ವಿಮಾನ ಯಾಕ ಬೇಕಲೇ?" ಆಕಳಿಕೆ ಕೇಳಿಸಿತು. "ನಾಡದ ಬರಾಕತ್ತೀ ಅಲ್ಲಾ, ಬಸ್ಸಿಗೇ ಬಾ. ಪೊಟ್ಟಣ ಬಿಚ್ಚಬ್ಯಾಡ."